ಸೀಟು ಕೊಡುವ ದಿನವೇ ಕೋಣೆಯ ಮಾತನ್ನೂ ಹೇಳಿ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಹಾಗೂ ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕ. ನನ್ನ ಮಗಳು ಕಳೆದ ವರ್ಷ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದಳು. ಕೌನ್ಸೆಲಿಂಗ್ ದಿನ ಅಂಕಪಟ್ಟಿಗಳ ಪರಿಶೀಲನೆ, ಮೀಸಲಾತಿ ಪ್ರಮಾಣಪತ್ರದ ತಾಳೆ, ಶುಲ್ಕ ಪಾವತಿ ಎಲ್ಲವೂ ಮಧ್ಯಾಹ್ನದೊಳಗೆ ಸುಸೂತ್ರವಾಗಿ ಮುಗಿದವು. ಸಿಬ್ಬಂದಿ ತಾಳ್ಮೆಯಿಂದ ನಡೆದುಕೊಂಡರು ಎಂಬುದನ್ನು ಮೊದಲು ಹೇಳಬೇಕು. ಕೊನೆಯಲ್ಲಿ ನಾನು ಹಾಸ್ಟೆಲಿನ ವಿಷಯ ಕೇಳಿದೆ. ಅದಕ್ಕೆ ಬೇರೆ ಪ್ರಕಟಣೆ ಹೊರಡುತ್ತದೆ, ತರಗತಿ ಶುರುವಾದ ಮೇಲೆ ಅರ್ಜಿ ಹಾಕಿ ಎಂಬ ಉತ್ತರ ಬಂತು. ತರಗತಿ ಮುಂದಿನ ಸೋಮವಾರವೇ ಶುರುವಾಗುವುದಿತ್ತು. ನಮ್ಮೂರಿನಿಂದ ಆ ಊರಿಗೆ ಎರಡು ಬಸ್ಸು ಬದಲಿಸಿ ಐದು ಗಂಟೆಯ ಹಾದಿ. ಆ ಸೋಮವಾರದಿಂದ ಹಾಸ್ಟೆಲ್ ಪಟ್ಟಿ ಬರುವವರೆಗೆ ಹುಡುಗಿ ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಅಲ್ಲಿದ್ದ ಯಾರಲ್ಲೂ ಉತ್ತರವಿರಲಿಲ್ಲ, ಏಕೆಂದರೆ ಅದಕ್ಕೆ ಉತ್ತರ ಹೇಳುವ ಹೊಣೆಯನ್ನು ಅವರಲ್ಲಿ ಯಾರಿಗೂ ವಹಿಸಿರಲಿಲ್ಲ.

ಈ ಪತ್ರವನ್ನು ಬರೆಯಲು ಕಾರಣವಾದದ್ದು ಅದೇ ಪ್ರಶ್ನೆ. ಕ್ಯಾಂಪಸ್ಸಿನ ಒಳಗೆ ಇರಬೇಕೋ ಹೊರಗೆ ಇರಬೇಕೋ ಎಂಬುದು ವಿದ್ಯಾರ್ಥಿಯ ಆಯ್ಕೆ ಎಂದು ನಾವೆಲ್ಲ ಮಾತಾಡುತ್ತೇವೆ. ಆದರೆ ಒಳಗೆ ಜಾಗ ಸಿಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಹೊರಗಿನ ಮನೆಗೆ ಮುಂಗಡ ಕಟ್ಟಬೇಕಾಗಿ ಬಂದರೆ ಅದನ್ನು ಆಯ್ಕೆ ಎನ್ನಲಾಗದು. ಎರಡು ದಾರಿಗಳ ವಿವರವನ್ನೂ ಒಂದೇ ದಿನ, ಸೀಟು ಹಂಚುವ ದಿನ, ಅಪ್ಪ-ಅಮ್ಮ ಮತ್ತು ಮಕ್ಕಳ ಕೈಗೆ ಕೊಡಿ ಎಂಬುದು ನನ್ನ ಕೋರಿಕೆ.

ನಾವು ಎರಡು ದಿನ ಬಾಡಿಗೆ ಕೋಣೆ ಹುಡುಕಿದೆವು. ಗೇಟಿನ ಎದುರಿನ ವಿದ್ಯುತ್ ಕಂಬಗಳಿಗೆ, ಝೆರಾಕ್ಸ್ ಅಂಗಡಿಯ ಗೋಡೆಗೆ ಅಂಟಿಸಿದ್ದ ಚೀಟಿಗಳೇ ನಮಗೆ ದಾರಿ ತೋರಿಸಿದವು. ಕೊನೆಗೆ ಒಪ್ಪಿಕೊಂಡ ಕೋಣೆಯನ್ನು ನಾನು ಹೆಜ್ಜೆಯಿಂದ ಅಳೆದೆ: ಹತ್ತು ಅಡಿಗೆ ಹನ್ನೆರಡು ಅಡಿ. ಅದರಲ್ಲಿ ಮೂರು ಕಬ್ಬಿಣದ ಮಂಚ, ಮೂರು ಟ್ರಂಕು, ಒಂದು ಪ್ಲಾಸ್ಟಿಕ್ ಮೇಜು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುವಷ್ಟು ಹತ್ತಿರ, ಆದ್ದರಿಂದ ಹಗಲು ಹನ್ನೊಂದಕ್ಕೂ ಟ್ಯೂಬ್‌ಲೈಟ್ ಹಾಕಬೇಕು. ಆ ಮಹಡಿಯ ಒಂಬತ್ತು ಹುಡುಗಿಯರಿಗೆ ಒಂದೇ ಬಚ್ಚಲುಮನೆ. ಅದರ ಬಾಗಿಲ ಹೊರಗೆ ಬಣ್ಣಬಣ್ಣದ ಬಕೆಟ್ಟುಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಹಿಡಿಕೆಗೂ ಒಂದೊಂದು ಹೆಸರಿನ ಚೀಟಿ ಕಟ್ಟಿತ್ತು. ಮಾಲೀಕರು ಕೆಟ್ಟವರೇನಲ್ಲ. ಊಟ ಸೇರಿ ತಿಂಗಳಿಗೆ 5,500 ರೂಪಾಯಿ, ಡಿಪಾಸಿಟ್ 10,000 ಎಂದರು. ಒಂದು ನೋಟ್‌ಬುಕ್ಕಿನಲ್ಲಿ ಮಗಳ ಹೆಸರು, ಆಧಾರ್ ಸಂಖ್ಯೆ, ನನ್ನ ಮೊಬೈಲ್ ಸಂಖ್ಯೆ ಬರೆದುಕೊಂಡರು. ರಸೀದಿ ಕೇಳಿದಾಗ ಅದೇ ನೋಟ್‌ಬುಕ್ಕನ್ನು ತಿರುಗಿಸಿ ತೋರಿಸಿದರು. ವರ್ಷ ಮುಗಿಯುವ ಮೊದಲು ಬಿಟ್ಟರೆ ಡಿಪಾಸಿಟ್ ವಾಪಸ್ಸಿಲ್ಲ ಎಂಬ ಷರತ್ತನ್ನು ಆಗಲೇ ಬಾಯಿಮಾತಿನಲ್ಲಿ ಹೇಳಿದ್ದರು, ನಾನು ಒಪ್ಪಿದ್ದೆ. ಹೊತ್ತು ಮುಳುಗಿತ್ತು, ನಮಗೆ ಬೇರೆ ದಾರಿ ಇರಲಿಲ್ಲ.

ಏಳನೆಯ ವಾರ ಹಾಸ್ಟೆಲ್ ಪಟ್ಟಿ ಬಂತು. ಅದರಲ್ಲಿ ಮಗಳ ಹೆಸರಿತ್ತು. ಮೂರು ದಿನದೊಳಗೆ ಕಾಷನ್ ಡಿಪಾಸಿಟ್ (ಭದ್ರತಾ ಠೇವಣಿ) ಮತ್ತು ಮೆಸ್ ಅಡ್ವಾನ್ಸ್ ಕಟ್ಟದಿದ್ದರೆ ಹೆಸರು ಹೋಗುತ್ತದೆ ಎಂಬ ಟಿಪ್ಪಣಿಯೂ ಇತ್ತು. ಹೊರಗೆ ಹತ್ತು ಸಾವಿರ ಬಿಟ್ಟು, ಒಳಗೆ ಮತ್ತೆ ಅಷ್ಟೇ ಹಣ ಹೊಂದಿಸುವುದು ಆ ತಿಂಗಳು ನನ್ನಿಂದ ಆಗಲಿಲ್ಲ. ಅವಳ ಜಾಗ ಕಾಯುವಿಕೆ ಪಟ್ಟಿಯಲ್ಲಿದ್ದ ಇನ್ನೊಬ್ಬಳಿಗೆ ಹೋಯಿತು. ಆ ಹುಡುಗಿಯೂ ನಮ್ಮ ಹಾಗೆಯೇ ಎಲ್ಲೋ ಮುಂಗಡ ಕಟ್ಟಿ ಕುಳಿತಿದ್ದಳೆಂದು ಮಗಳು ಆಮೇಲೆ ಹೇಳಿದಳು. ಅಷ್ಟು ವಾರ ಹೊಸಬರಿಗೆಂದು ಇಟ್ಟ ಕೋಣೆಗಳಿಗೆ ಬೀಗ ಹಾಕಿಯೇ ಇತ್ತು. ಪ್ರಯೋಗಾಲಯದಿಂದ ಬಾಡಿಗೆ ಕೋಣೆಗೆ ನಡೆದು ಹೋಗುವಾಗ ಅವಳು ದಿನವೂ ಆ ಕಟ್ಟಡವನ್ನು ದಾಟಿಯೇ ಹೋಗಬೇಕಿತ್ತು.

ತಡವಾಗುವುದು ಏಕೆ ಎಂದು ತಿಳಿದುಕೊಳ್ಳಲು ಪ್ರಯತ್ನಿಸಿದ್ದೇನೆ. ಬೇರೆ ಬೇರೆ ಊರುಗಳಲ್ಲಿ ವಾರ್ಡನ್ ಆಗಿದ್ದ ಇಬ್ಬರು ಹಿರಿಯ ಅಧ್ಯಾಪಕರು ನನ್ನ ಪರಿಚಯದವರು. ಅವರು ಹೇಳಿದ್ದನ್ನು ಸಾರಾಂಶವಾಗಿ ಬರೆಯುತ್ತೇನೆ. ಅಂತಿಮ ಸೆಮಿಸ್ಟರಿನವರ ಪರೀಕ್ಷೆ ಮುಂದೆ ಹೋದರೆ ಅವರು ಕೋಣೆ ಖಾಲಿ ಮಾಡುವುದೂ ಮುಂದೆ ಹೋಗುತ್ತದೆ. ಖಾಲಿ ಮಾಡಿದವರಲ್ಲಿ ಕೆಲವರು ಗೆಳೆಯರ ಕೋಣೆಯಲ್ಲಿ ಗೆಸ್ಟ್ ಆಗಿ ಉಳಿದುಬಿಡುತ್ತಾರೆ. ಪ್ರವೇಶದ ಕೊನೆಯ ಸುತ್ತು ಮುಗಿಯದೆ ಮೀಸಲಾತಿಯ ರೋಸ್ಟರ್ (ಯಾವ ಪ್ರವರ್ಗಕ್ಕೆ ಯಾವ ಸರದಿ ಎಂಬ ಪಟ್ಟಿ) ಪ್ರಕಾರ ಹಾಸ್ಟೆಲ್ ಪಟ್ಟಿ ಮಾಡಲಾಗದು ಎಂಬ ಎಚ್ಚರವೂ ಇದೆ. ಇವೆಲ್ಲ ನಿಜವಾದ ತೊಡಕುಗಳೇ. ಆದರೆ ಇವು ಪ್ರತಿ ವರ್ಷವೂ ಬರುವ ತೊಡಕುಗಳು, ಆದ್ದರಿಂದ ಮೊದಲೇ ಲೆಕ್ಕ ಹಾಕಬಹುದಾದವು. ಯಾವ ಹಾಸ್ಟೆಲಿನಲ್ಲಿ ಎಷ್ಟು ಹಾಸಿಗೆ, ಅದರಲ್ಲಿ ಎಷ್ಟು ಮಂದಿ ಅಂತಿಮ ವರ್ಷದವರು ಎಂಬುದು ಜನವರಿಯಲ್ಲೇ ನಿಮ್ಮ ಕಡತದಲ್ಲಿ ಇರುತ್ತದೆ. ಕಳೆದ ವರ್ಷ ಪ್ರತಿ ವಿಭಾಗಕ್ಕೆ, ಪ್ರತಿ ಪ್ರವರ್ಗಕ್ಕೆ ಯಾವ ಅಂಕಕ್ಕೆ ಹಾಸ್ಟೆಲ್ ನಿಂತಿತು ಎಂಬುದೂ ಇರುತ್ತದೆ. ಸೀಟಿನ ಕಟ್-ಆಫ್ ಅನ್ನು ಪ್ರಕಟಿಸುವ ನೀವು ಹಾಸ್ಟೆಲಿನ ಕಟ್-ಆಫ್ ಅನ್ನು ಪ್ರಕಟಿಸಿದರೆ, ನನ್ನಂಥ ತಂದೆ ಅದನ್ನು ನೋಡಿ ಮಗಳಿಗೆ ಜಾಗ ಬಹುತೇಕ ಸಿಗುತ್ತದೆ, ಒಂದೂವರೆ ತಿಂಗಳು ನೆಂಟರ ಮನೆಯಲ್ಲಿಟ್ಟು ಕಾಯೋಣ ಎಂದು ತೀರ್ಮಾನಿಸಬಹುದು. ಇಲ್ಲವೆ ಆಸೆ ಬಿಟ್ಟು ಒಳ್ಳೆಯ ಬಾಡಿಗೆ ಕೋಣೆಯನ್ನು ನಿಧಾನವಾಗಿ ಹುಡುಕಬಹುದು.

ಹಾಸ್ಟೆಲ್ ಸಿಕ್ಕರೆ ಎಲ್ಲವೂ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷದ ಹಿಂದೆ ನಾನೂ ಎರಡು ವರ್ಷ ಹಾಸ್ಟೆಲಿನಲ್ಲಿ ಉಂಡು ಮಲಗಿದವನು. ಡಿವೈಡಿಂಗ್ ಮೆಸ್ಸಿನಲ್ಲಿ ತಿಂಗಳ ಖರ್ಚನ್ನು ತಲೆಗೆ ಹಂಚುವಾಗ, ಊರಿಗೆ ಹೋದ ದಿನಗಳ ರಿಯಾಯಿತಿಗಾಗಿ ಎಷ್ಟು ವಾದ ಮಾಡಿದ್ದೇನೆಂದು ನನಗೆ ನೆನಪಿದೆ. ಆದರೂ ಗ್ರಂಥಾಲಯ ಮುಚ್ಚುವವರೆಗೆ ಕುಳಿತು, ಐದು ನಿಮಿಷ ನಡೆದು ಕೋಣೆ ಸೇರುವ ಅನುಕೂಲ ಹೊರಗೆ ಇದ್ದವರಿಗೆ ಇರಲಿಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಅದು ಇನ್ನೂ ಮುಖ್ಯ, ಪ್ರಯೋಗಗಳು ಗಡಿಯಾರ ನೋಡಿ ಮುಗಿಯುವುದಿಲ್ಲ. ಹಾಗೆಯೇ ಹೊರಗಿನ ಕೋಣೆಯನ್ನೇ ಬಯಸುವವರೂ ಇದ್ದಾರೆ: ಮದುವೆಯಾದ ಸಂಶೋಧನಾರ್ಥಿಗಳು, ಸಂಜೆ ಕೆಲಸ ಮಾಡಿ ಮನೆಗೂ ಹಣ ಕಳಿಸುವವರು, ಅಡುಗೆ ತಾವೇ ಮಾಡಿಕೊಂಡು ಖರ್ಚು ಇಳಿಸುವವರು, ಸದ್ದಿಲ್ಲದ ಜಾಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಅವರ ಕಾರಣಗಳು ಗೌರವಕ್ಕೆ ಅರ್ಹವಾದವು. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಲಿ. ನಿರ್ಧರಿಸಲು ಬೇಕಾದ ಮಾಹಿತಿಯನ್ನು ಮಾತ್ರ ವಿಶ್ವವಿದ್ಯಾಲಯ ಕೊಡಲಿ.

ಆ ಮಾಹಿತಿ ಊರಿನಿಂದ ಊರಿಗೆ ಬೇರೆಯಾಗಿರುತ್ತದೆ, ಆದ್ದರಿಂದ ಬೆಂಗಳೂರಿನಲ್ಲಿ ಕುಳಿತು ಎಲ್ಲರಿಗೂ ಒಂದೇ ಸುತ್ತೋಲೆ ಹೊರಡಿಸಿದರೆ ಸಾಲದು. ಧಾರವಾಡದಲ್ಲಿ ಕ್ಯಾಂಪಸ್ಸೂ ಊರೂ ಒಂದಕ್ಕೊಂದು ಅಂಟಿಕೊಂಡಿವೆ. ಆದರೆ ಸಪ್ತಾಪುರದ ಸುತ್ತ ಕೋಚಿಂಗ್ ಕೇಂದ್ರಗಳಿಗೆಂದು ರಾಜ್ಯದ ಮೂಲೆಮೂಲೆಯಿಂದ ಬರುವ ಯುವಕ ಯುವತಿಯರೂ ಅದೇ ಕೋಣೆಗಳನ್ನು, ಅದೇ ಖಾನಾವಳಿಗಳನ್ನು ಹುಡುಕುತ್ತಾರೆ, ಎಂ.ಎ. ಓದಲು ಬಂದ ವಿದ್ಯಾರ್ಥಿ ಬಾಡಿಗೆಯಲ್ಲಿ ಅವರೊಂದಿಗೆ ಪೈಪೋಟಿಗೆ ನಿಲ್ಲಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಾಗಲಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವಾಗಲಿ ದೊಡ್ಡ ಪೇಟೆಯಿಂದ ದೂರ. ಅಲ್ಲಿ ಹಾಸ್ಟೆಲ್ ತಪ್ಪಿದರೆ ಹತ್ತಿರದಲ್ಲಿ ಇರುವ ಕೆಲವೇ ಮನೆಗಳಿಗೆ ಎಲ್ಲರೂ ಮುಗಿಬೀಳಬೇಕು, ಇಲ್ಲವೆ ಮಳೆಗಾಲದಲ್ಲಿ ಬಸ್ಸು ಕಾಯುತ್ತ ನಿಲ್ಲಬೇಕು. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಕೊನೆಯ ಮಹಡಿಯ ಕೋಣೆಯನ್ನು ಕಡಿಮೆ ಬಾಡಿಗೆಗೆ ಹಿಡಿದವನು ಬಿಸಿಲಿಗೆ ಬೆಂದೇ ಪರೀಕ್ಷೆಗೆ ಓದಬೇಕು. ಬೆಂಗಳೂರಿನಲ್ಲಿ ಇದಕ್ಕೆ ತುಸು ಬೇರೆ ಚಿತ್ರವಿದೆ: 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ನಿಲ್ದಾಣವಾದ ಮೇಲೆ, ದೂರದ ಬಡಾವಣೆಯಲ್ಲಿ ಕೋಣೆ ಹಿಡಿದರೂ ತರಗತಿಗೆ ಹೊತ್ತಿಗೆ ತಲುಪಬಹುದು. ಇದನ್ನೆಲ್ಲ ಸ್ಥಳೀಯವಾಗಿ ಬಲ್ಲವರು ನಿಮ್ಮ ವಿಶ್ವವಿದ್ಯಾಲಯದವರೇ. ಹೊರಜಿಲ್ಲೆಯಿಂದ ಮೊದಲ ಬಾರಿ ಬಸ್ಸಿಳಿಯುವ ತಂದೆಗೆ ಇದು ಗೊತ್ತಿರುವುದಿಲ್ಲ.

ಮೂರನೆಯ ದಾರಿಯೊಂದಿದೆ, ದಿನವೂ ಊರಿನಿಂದಲೇ ಓಡಾಡುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದ ಮೇಲೆ ನಮ್ಮ ಸುತ್ತಲಿನ ಹಳ್ಳಿಗಳ ಹಲವು ತಾಯಂದಿರು ಧೈರ್ಯ ಮಾಡಿ ಮಗಳನ್ನು ಸ್ನಾತಕೋತ್ತರ ಓದಿಗೆ ಕಳಿಸಿದ್ದಾರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮನಸ್ಸು ತುಂಬಿ ಬಂದಿದೆ. ಆದರೆ ಹೋಗಿ ಬರಲು ಮೂರು ಗಂಟೆ ಬಸ್ಸಿನಲ್ಲಿ ನಿಂತ ಹುಡುಗಿ ರಾತ್ರಿ ಪುಸ್ತಕ ಹಿಡಿಯುವ ಹೊತ್ತಿಗೆ ದಣಿದಿರುತ್ತಾಳೆ. ಕೊನೆಯ ಬಸ್ಸು ತಪ್ಪಬಾರದೆಂದು ಸಂಜೆಯ ವಿಶೇಷ ಉಪನ್ಯಾಸವನ್ನೂ, ಪ್ರಯೋಗದ ಕಡೆಯ ಅರ್ಧ ಗಂಟೆಯನ್ನೂ ಬಿಟ್ಟು ಏಳುತ್ತಾಳೆ. ಹಾಸ್ಟೆಲ್ ಹಂಚಿಕೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವ ಬದಲು ಬಸ್ಸಿನ ಹೊತ್ತಿನಲ್ಲಿ ಅಳೆದರೆ ಇಂಥವರಿಗೆ ನ್ಯಾಯ ಸಿಗುತ್ತದೆ. ಹೆದ್ದಾರಿಯ ಪಕ್ಕದ ಅರವತ್ತು ಕಿಲೋಮೀಟರಿಗೂ, ದಿನಕ್ಕೆ ಎರಡೇ ಬಸ್ಸು ಬರುವ ಒಳನಾಡಿನ ಮೂವತ್ತು ಕಿಲೋಮೀಟರಿಗೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಹಳ್ಳಿಯವರು ಬಲ್ಲರು.

ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ನಮ್ಮ ರಾಜ್ಯದ ದೊಡ್ಡ ಆಸ್ತಿ. ಆದರೆ ಅವುಗಳಿಗೆ ಅರ್ಜಿ ಹಾಕುವುದು ಬೇರೆ ಪೋರ್ಟಲಿನಲ್ಲಿ, ಆಯ್ಕೆ ಮಾಡುವವರು ಬೇರೆ, ದಿನಾಂಕ ಬೇರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ವಿದ್ಯಾಸಿರಿ ಯೋಜನೆ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಊಟ-ವಸತಿ ನೆರವು ನಿಗದಿಯಾಗಿತ್ತು. ಎಷ್ಟೋ ಮನೆಗಳಿಗೆ ಅದು ಆಸರೆಯಾಗಿದೆ. ಆದರೆ ಮನೆಮಾಲೀಕರು ಬಾಡಿಗೆ ಕೇಳುವುದು ತಿಂಗಳ ಮೊದಲ ವಾರ, ಮುಂಗಡ ಕೇಳುವುದು ಕೋಣೆಗೆ ಕಾಲಿಡುವ ಮೊದಲು. ವಿದ್ಯಾರ್ಥಿಗೆ ಹಣ ಹೆಚ್ಚು ಬೇಕಾಗುವುದು ಆ ಮೊದಲ ದಿನವೇ. ಕೌನ್ಸೆಲಿಂಗ್ ನಡೆಯುವ ಸಭಾಂಗಣದಲ್ಲಿ ಈ ಎರಡು ಇಲಾಖೆಗಳ ಒಬ್ಬೊಬ್ಬ ಸಿಬ್ಬಂದಿಗೆ ಒಂದು ಮೇಜು ಹಾಕಿಕೊಟ್ಟರೆ, ವಿದ್ಯಾರ್ಥಿ ಅಲ್ಲಿಯೇ ಅರ್ಜಿ ತುಂಬಿ, ತನಗೆ ಯಾವ ದಾರಿ ತೆರೆದಿದೆ ಎಂದು ತಿಳಿದು ಹೊರಡಬಹುದು.

ಇನ್ನು ಹೊರಗಿನ ಕೋಣೆಗಳ ಮಾತು. ಇವು ಖಾಸಗಿಯವರ ವ್ಯವಹಾರ, ನಮಗೆ ಸಂಬಂಧವಿಲ್ಲ ಎಂಬ ಮಾತನ್ನು ನಾನು ಕೇಳಿದ್ದೇನೆ. ನಿಯಮ ಹಾಗೆ ಹೇಳುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಾವಳಿಯ ಪ್ರಕಾರ, ತಮ್ಮ ವಿದ್ಯಾರ್ಥಿಗಳು ವಾಸಿಸುವ ಖಾಸಗಿ ಹಾಸ್ಟೆಲು ಮತ್ತು ವಸತಿಗೃಹಗಳ ವಿವರವನ್ನು ಸ್ಥಳೀಯ ಪೊಲೀಸರಿಗೆ ಕೊಡುವುದು, ರ‍್ಯಾಗಿಂಗ್ ತಡೆ ದಳ ಅಲ್ಲಿಯೂ ನಿಗಾ ಇಡುವಂತೆ ನೋಡಿಕೊಳ್ಳುವುದು ಸಂಸ್ಥೆಯ ಮುಖ್ಯಸ್ಥರ ಹೊಣೆ. ಅಂದರೆ ಪಟ್ಟಿಯೊಂದು ನಿಮ್ಮ ಕಚೇರಿಯಲ್ಲಿ ಸಿದ್ಧವಿರಲೇಬೇಕು. ಪೊಲೀಸರಿಗೆ ಕೊಡುವ ಪಟ್ಟಿಯನ್ನು ಕೋಣೆ ಹುಡುಕುವ ವಿದ್ಯಾರ್ಥಿಗೂ ಕೊಡಿ ಎಂದು ಕೇಳುವುದು ಹೆಚ್ಚಿನ ಬೇಡಿಕೆ ಎಂದು ನನಗೆ ಅನಿಸುವುದಿಲ್ಲ.

ಆ ಪಟ್ಟಿಯಲ್ಲಿ ಏನಿರಬೇಕು ಎಂಬುದಕ್ಕೂ ಮಾದರಿ ನಮ್ಮ ರಾಜ್ಯದಲ್ಲೇ ಇದೆ. 2024ರಲ್ಲಿ ಬೆಂಗಳೂರು ಪಾಲಿಕೆ ತನ್ನ ವ್ಯಾಪ್ತಿಯ ಪಿ.ಜಿ.ಗಳಿಗೆ, ಅಂದರೆ ಪೇಯಿಂಗ್ ಗೆಸ್ಟ್ ವಸತಿಗಳಿಗೆ, ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿ.ಸಿ. ಕ್ಯಾಮೆರಾ, ಕಾವಲುಗಾರ, ಅಡುಗೆಮನೆ ಇದ್ದರೆ ಆಹಾರ ಸುರಕ್ಷತೆಯ ಪರವಾನಗಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಹೆಜ್ಜೆಯಿಂದ ಅಳೆದ ಕೋಣೆಗೆ ಈ ಲೆಕ್ಕ ಹಾಕಿ ನೋಡಿದೆ. ಮೂವರಿಗೆ 210 ಚದರ ಅಡಿ ಬೇಕು, ಇದ್ದದ್ದು 120. ಒಬ್ಬೊಬ್ಬರ ಪಾಲಿಗೆ 40 ಚದರ ಅಡಿ ಬಂತು, ಅದರಲ್ಲಿ ಮಂಚವೇ ಹದಿನೆಂಟು ಅಡಿ ನುಂಗುತ್ತದೆ. ಆ ಮಾರ್ಗಸೂಚಿ ನಮ್ಮ ಊರಿಗೆ ಅನ್ವಯಿಸದಿರಬಹುದು, ಆದರೆ ಬೆಂಗಳೂರಿನ ಹುಡುಗಿಗೆ ಬೇಕಾದಷ್ಟೇ ಗಾಳಿ ಬೆಳಕು ಉಳಿದ ಊರುಗಳ ಹುಡುಗಿಗೂ ಬೇಕು. ವಿಶ್ವವಿದ್ಯಾಲಯಕ್ಕೆ ಖಾಸಗಿ ಕಟ್ಟಡದ ಮೇಲೆ ದಂಡ ಹಾಕುವ ಅಧಿಕಾರವಿಲ್ಲ, ಅದು ನನಗೂ ಗೊತ್ತು. ನಿಮ್ಮ ಇಬ್ಬರು ಅಧ್ಯಾಪಕರು ವರ್ಷಕ್ಕೊಮ್ಮೆ ಹೋಗಿ ಕೋಣೆಯ ಅಳತೆ, ಬಚ್ಚಲುಮನೆಗಳ ಸಂಖ್ಯೆ, ಬಾಡಿಗೆ, ಮುಂಗಡ ಹಿಂದಿರುಗಿಸುವ ಷರತ್ತು, ಗೇಟಿನಿಂದ ನಡೆಯುವ ದೂರ, ದಾರಿಯಲ್ಲಿ ಬೀದಿದೀಪ ಇದೆಯೋ ಇಲ್ಲವೋ ಎಂದು ಬರೆದುಕೊಂಡು ಬಂದರೆ ಸಾಕು. ತಮ್ಮ ಮನೆಯ ವಿವರ ಆ ಪಟ್ಟಿಗೆ ಹೋಗುತ್ತದೆ ಎಂದು ತಿಳಿದ ಮಾಲೀಕರು ರಸೀದಿ ಪುಸ್ತಕವನ್ನು ತಾವಾಗಿಯೇ ಮಾಡಿಸುತ್ತಾರೆಂದು ನಾನು ನಂಬುತ್ತೇನೆ. ಹೆಚ್ಚಿನವರು ಒಳ್ಳೆಯ ಹೆಸರು ಬಯಸುವ ಸಂಸಾರಸ್ಥರೇ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ತಂದೆಯಾಗಿ ಹೇಳಬೇಕು. ಸಂಜೆ ಬೇಗ ಗೇಟು ಹಾಕುವ ಹಾಸ್ಟೆಲೇ ಒಳ್ಳೆಯದೆಂದು ನಾನೂ ನಂಬಿದ್ದೆ. "ಅಪ್ಪಾ, ಲೈಬ್ರರಿ ಎಂಟಕ್ಕೆ ಮುಚ್ಚುತ್ತೆ, ನಮ್ಮ ಗೇಟು ಏಳಕ್ಕೇ ಹಾಕಿದರೆ ಆ ಒಂದು ತಾಸು ಹುಡುಗರಿಗೆ ಮಾತ್ರ ಅಂತಾಯ್ತಲ್ಲ" ಎಂದು ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಹುಡುಗರಿಗಿಲ್ಲದ ಕಟ್ಟುಪಾಡನ್ನು ಹುಡುಗಿಯರ ಹಾಸ್ಟೆಲಿಗೆ ಹೇರಬಾರದು ಎಂದು ಯುಜಿಸಿಯ 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯೂ ಹೇಳುತ್ತದೆ. ಹಾಸ್ಟೆಲಿನ ಹೊತ್ತು, ನಿಯಮ, ಅತಿಥಿಗಳ ವ್ಯವಸ್ಥೆ ಏನೆಂಬುದು ಮೊದಲೇ ಬರಹದಲ್ಲಿ ಸಿಕ್ಕರೆ, ಒಳಗೋ ಹೊರಗೋ ಎಂಬ ತೀರ್ಮಾನಕ್ಕೆ ಅದೂ ಒಂದು ಆಧಾರವಾಗುತ್ತದೆ.

ಓದಲು ಬಂದವರಿಗೆ ನೆಲೆ ಒದಗಿಸುವುದು ನಮ್ಮ ನಾಡಿಗೆ ಹೊಸದಲ್ಲ. ವಾರಕ್ಕೆ ಏಳು ಮನೆಗಳಲ್ಲಿ ವಾರಾನ್ನ ಉಂಡು ಓದಿದವರ ತಲೆಮಾರು ನಮ್ಮಲ್ಲಿತ್ತು. ತುಮಕೂರಿನ ಸಿದ್ಧಗಂಗೆಯಿಂದ ಧಾರವಾಡದ ಮುರುಘಾಮಠದವರೆಗೆ ಎಷ್ಟೋ ಮಠಗಳು, ಸಮುದಾಯಗಳು ಉಚಿತ ಪ್ರಸಾದನಿಲಯಗಳನ್ನು ಕಟ್ಟಿ ಹಳ್ಳಿಯ ಮಕ್ಕಳನ್ನು ಓದಿಸಿದವು. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಯುವಕ ಪುಟ್ಟಪ್ಪನವರು ಪೇಟೆಯ ಬಾಡಿಗೆ ಕೋಣೆಯಲ್ಲಿದ್ದಾಗ ಕಾಯಿಲೆ ಬಿದ್ದರು. ಶ್ರೀರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋಗಿ ಇರಿಸಿಕೊಂಡರು. ಅದೇ ಪುಟ್ಟಪ್ಪನವರು, ನಮ್ಮ ಕುವೆಂಪು, 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು. ಮಾನ್ಯರೇ, ಇಂದು ನೀವು ಅಂಥವರು ಕುಳಿತ ಹುದ್ದೆಯಲ್ಲಿ ಕುಳಿತಿದ್ದೀರಿ. ನಿಮ್ಮಲ್ಲೂ ಹಲವರು ಹಾಸ್ಟೆಲಿನ ಅನ್ನ ಉಂಡೇ ಈ ಎತ್ತರಕ್ಕೆ ಬಂದಿರುತ್ತೀರಿ, ಆದ್ದರಿಂದಲೇ ನಿಮ್ಮನ್ನು ಕೇಳಲು ನನಗೆ ಸಂಕೋಚವಾಗುತ್ತಿಲ್ಲ.

ಪ್ರವೇಶದ ಅರ್ಜಿಯಲ್ಲೇ ಹಾಸ್ಟೆಲ್ ಬೇಕೇ ಎಂಬ ಒಂದು ಅಂಕಣ ಸೇರಿಸಿ, ಬೇರೆ ಅರ್ಜಿಯ ಗೋಜು ಬೇಡ. ಸೀಟು ಹಂಚುವ ದಿನ ಹಾಸ್ಟೆಲಿನ ತಾತ್ಕಾಲಿಕ ಪಟ್ಟಿಯನ್ನಾದರೂ ಪ್ರಕಟಿಸಿ, ಕೊನೆಯ ಸುತ್ತಿನವರಿಗೆಂದು ರೋಸ್ಟರ್ ಪ್ರಕಾರ ಒಂದಿಷ್ಟು ಹಾಸಿಗೆಗಳನ್ನು ತೆಗೆದಿಟ್ಟುಕೊಳ್ಳಿ. ಹಿರಿಯರು ಖಾಲಿ ಮಾಡುವುದು ತಡವಾದರೆ ಅಷ್ಟು ದಿನಗಳ ಮಟ್ಟಿಗೆ ಅತಿಥಿಗೃಹದಲ್ಲೋ, ಸಭಾಂಗಣದಲ್ಲೋ ಹೊಸಬರಿಗೆ, ಮುಖ್ಯವಾಗಿ ಹುಡುಗಿಯರಿಗೆ, ದಿನದ ಲೆಕ್ಕದ ಬಾಡಿಗೆಗೆ ಜಾಗ ಕೊಡಿ. ಕಾಷನ್ ಡಿಪಾಸಿಟ್ ಕಟ್ಟಲು ಮೂರು ದಿನದ ಬದಲು ಒಂದು ತಿಂಗಳ ಅವಕಾಶವಿರಲಿ, ಎರಡು ಕಂತಾಗಲಿ. ಹೊರಗಿನ ಕೋಣೆಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಕೌನ್ಸೆಲಿಂಗ್ ಮೇಜಿನ ಮೇಲೆ ಇಡಿ. ಇವಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಹೊಸ ಹಾಸ್ಟೆಲುಗಳೂ ಬೇಕು ಎಂಬುದು ನಿಜ, ಅದರ ಬಗ್ಗೆ ಸರ್ಕಾರಕ್ಕೆ ಬೇರೆಯಾಗಿ ಬರೆಯುತ್ತೇನೆ.

ನನ್ನ ಎರಡನೆಯ ಮಗ ಈ ವರ್ಷ ಬಿ.ಎ. ಮುಗಿಸುತ್ತಾನೆ. ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆ ಅವನದು. ನಿಮ್ಮಲ್ಲಿ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಾನೆ. ಯಾವ ಊರಿನಲ್ಲಿ ಸೀಟು ಸಿಕ್ಕರೂ ಅವನನ್ನು ಕರೆದುಕೊಂಡು ನಾನೇ ಬರುತ್ತೇನೆ. ಬರುವಾಗ ಹಾಸಿಗೆಯ ಸುರುಳಿ ಕಟ್ಟಿಕೊಂಡು ಬರಬೇಕೋ, ಮನೆಮಾಲೀಕರಿಗೆ ಕೊಡಲು ಮುಂಗಡದ ಹಣ ಹೊಂದಿಸಿಕೊಂಡು ಬರಬೇಕೋ ಎಂಬುದನ್ನು ಸೀಟು ಹಂಚಿಕೆಯ ಪತ್ರದಲ್ಲೇ ಒಂದು ಸಾಲಿನಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿದ್ಯಾರ್ಥಿನಿಯ ತಂದೆ
ಹಾವೇರಿ ಜಿಲ್ಲೆ